ಬರಿಮೈಯವನು

ನಮ್ಮೂರಿನ ಗುಡ್ಡದಲ್ಲಿ ಕೊಂಡಕುರಿ, ಎಂದರೆ ನಾಲ್ಕು ಕೊಂಬಿನ ಹುಲ್ಲೆ, ಮರಿ ಹಾಕಿದರೆ ಮೊದಲು ನನಗೆ ಹೇಳಿಕಳಿಸುತ್ತಾರೆ. ನಾನು ಕೈಕಾಲು ತೊಳೆದು, ಕೂದಲು ಗಂಟು ಕಟ್ಟಿಕೊಂಡು ಗುಡ್ಡ ಹತ್ತುತ್ತೇನೆ. ಹುಲ್ಲಿನ ಮರೆಯಲ್ಲಿ ಮಲಗಿದ ಮರಿಯ ಪಕ್ಕೆ ನೋಡಿ, ಅದು ಯಾರ ಮನೆಯ ರಂಗೋಲಿ ಹೊತ್ತು ಹುಟ್ಟಿದೆ ಎಂದು ಹೇಳುತ್ತೇನೆ. ನಮ್ಮ ಬಾವಿಮನೆಯ ಸೊಸೆಯರು ತಲೆತಲಾಂತರದಿಂದ ಮಾಡಿಕೊಂಡು ಬಂದ ಕೆಲಸ ಇದು. ನಾನು ಹೇಳಿದ ಮನೆಯವರು ಅವತ್ತು ಕೇರಿಗೆಲ್ಲ ಸಿಹಿ ಹಂಚುತ್ತಾರೆ. ಆ ಮನೆಯ ಹೆಂಗಸು ಒಂದು ವಾರ ಎಲ್ಲರಿಗಿಂತ ಸ್ವಲ್ಪ ಹೆಚ್ಚೇ ತಲೆಯೆತ್ತಿ ನಡೆಯುತ್ತಾಳೆ.

ಒಂದು ಮನೆಗೆ ಒಂದೇ ರಂಗೋಲಿ. ಬೇರೆಯದನ್ನು ಬರೆಯಬಾರದು ಎಂದಲ್ಲ, ಬರೆಯಲು ಬರುವುದಿಲ್ಲ. ನಾನು ಮದುವೆಯಾಗಿ ಬಂದವಳು. ನನ್ನ ತವರಿನಲ್ಲಿ ತಾವರೆ, ನವಿಲು, ತೇಲುವ ಹಂಸ, ಏನು ಬೇಕಾದರೂ ಬಿಡಿಸುತ್ತಿದ್ದೆವು. ಇಲ್ಲಿ ಮೊದಲ ಬೆಳಿಗ್ಗೆ ಅತ್ತೆ ರಂಗೋಲಿ ಬಟ್ಟಲು ಕೊಟ್ಟು ಒಳಗೆ ಹೋದರು. ಏನು ಬರೆಯಲಿ ಎಂದು ಕೇಳಬೇಕೆನ್ನುವಷ್ಟರಲ್ಲಿ ಕೈ ತಾನೇ ಹೊರಟಿತು. ಒಂದರೊಳಗೊಂದು ಹೆಣೆದುಕೊಂಡ ಬಳ್ಳಿ, ಎಲ್ಲಿಯೂ ಕಡಿಯದ ಒಂದೇ ಎಳೆ. ಮುಗಿದಾಗ ನನ್ನ ಕಣ್ಣಲ್ಲಿ ನೀರಿತ್ತು. ಆವತ್ತಿನಿಂದ ಇವತ್ತಿನವರೆಗೆ ದಿನದ ಆ ಮೊದಲ ಕಾಲು ಗಂಟೆ ನನ್ನದು. ಉಳಿದದ್ದೆಲ್ಲ ಗಂಡನ ಹಿಟ್ಟಿನ ಗಿರಣಿಯದು, ಮಕ್ಕಳದು, ಒಲೆಯದು, ನಲ್ಲಿಯ ಮುಂದಿನ ಸಾಲಿನದು. ಬಾಗಿಲ ಮುಂದೆ ಬಗ್ಗಿ ಕೂತಾಗ ಮಾತ್ರ ನಾನು ಯಾರ ಹೆಂಡತಿಯೂ ಅಲ್ಲ, ಯಾರ ತಾಯಿಯೂ ಅಲ್ಲ. ಅದನ್ನು ಯಾರಿಗಾದರೂ ಹೇಳಿದರೆ ನಕ್ಕಾರು ಎಂದು ಹೇಳಿಲ್ಲ.

ಕೈಗೆ ರಂಗೋಲಿ ಬರಬೇಕಾದರೆ ಅದನ್ನು ಮೈಮೇಲೆ ಹೊತ್ತ ಒಂದು ಜೀವವಾದರೂ ಗುಡ್ಡದಲ್ಲಿ ಉಸಿರಾಡುತ್ತಿರಬೇಕು. ಕೊನೆಯದು ಸತ್ತ ಮಾರನೆಯ ಬೆಳಿಗ್ಗೆ ಆ ಮನೆಯವಳ ಕೈಯಿಂದ ಪುಡಿ ಮುದ್ದೆಮುದ್ದೆಯಾಗಿ ಬೀಳುತ್ತದೆ, ಬೆರಳಿಗೆ ದಾರಿ ಮರೆತುಹೋಗುತ್ತದೆ. ನಮ್ಮ ಎದುರು ಮನೆಯ ಪಾಲಮ್ಮನಿಗೆ ಹಾಗಾದದ್ದು ನಾನೇ ನೋಡಿದ್ದೇನೆ. ಅವಳು ಎರಡು ಮೂರು ಸಲ ಪುಡಿ ಬಿಟ್ಟಳು, ಎದ್ದಳು, ಕಸಬರಿಕೆ ತಂದು ಗುಡಿಸಿದಳು. ಆಮೇಲೆ ಬರೀ ನೀರು ಚಿಮುಕಿಸಿ ಒಂದು ಚೆಂಡುಹೂವು ಇಡುವುದನ್ನು ರೂಢಿ ಮಾಡಿಕೊಂಡಳು. ಊರು ಇಂಥದ್ದಕ್ಕೆಲ್ಲ ಬೇಗ ಒಗ್ಗಿಕೊಳ್ಳುತ್ತದೆ. ಹೆಣ್ಣು ಕೇಳಲು ಬಂದವರು ಕುಲದ ಬೆಡಗು ಯಾವುದು ಎಂದು ವಿಚಾರಿಸಿದ ಮೇಲೆ, ತಗ್ಗಿದ ದನಿಯಲ್ಲಿ ಹೊಸ್ತಿಲು ಬರಿದೋ ತುಂಬಿದ್ದೋ ಎಂದೂ ಕೇಳುವುದು ಶುರುವಾಯಿತು.

ನಾನು ಬಂದ ಕಾಲಕ್ಕೆ ಗುಡ್ಡದ ಮೇಲೆ ಕೊಂಡಕುರಿಗಳು ಸಾಕಷ್ಟಿದ್ದವು. ಬರುಬರುತ್ತ ಹಿಡಿಯಷ್ಟಾದವು. ಹುಟ್ಟುವ ಮರಿಗಳೆಲ್ಲ ಗಡಿಗೆಮನೆಯ ಚಕ್ರವನ್ನೇ ಹೊತ್ತು ಬರತೊಡಗಿದವು. ಗಡಿಗೆಮನೆಯ ಕೆಂಚತ್ತೆಗೆ ಮೊದಮೊದಲು ಇದು ಹೆಮ್ಮೆ. ಗಟ್ಟಿ ಗಂಟಲಿನ, ಉದ್ದ ಕೈಯ ಹೆಂಗಸು. ಕೇರಿಯಲ್ಲಿ ಅವರ ಮಾತು ಮೀರುವವರಿಲ್ಲ. ನನ್ನನ್ನು ನಲ್ಲಿ ಹತ್ತಿರ ಕಂಡರೆ ಸಾಕು, "ಏನೇ ಮಾರಕ್ಕ, ನಿಮ್ಮನೆ ಬಳ್ಳಿ ಒಣಗ್ತಾ ಐತಂತೆ?" ಎನ್ನುವರು. "ಒಣಗಿದ್ರೆ ನೀರು ಹಾಕ್ತೀನಿ ಬಿಡತ್ತೆ, ನಿಮ್ಮ ಚಕ್ರ ಉರುಳ್ಕಂಡು ಎಲ್ಲಿಗೋಗ್ತದೆ ನೋಡ್ಕಳ್ಳಿ," ಎಂದು ನಾನೂ ಬಿಡುತ್ತಿರಲಿಲ್ಲ. ಆದರೆ ಬಳ್ಳಿ ನಿಜಕ್ಕೂ ಒಣಗುತ್ತಿತ್ತು. ಅದನ್ನು ಹೊತ್ತದ್ದು ಒಂದೇ ಒಂದು ಮುದಿ ಹೆಣ್ಣು ಉಳಿದಿತ್ತು. ಅದು ಈ ಹಿಂದೆ ಹಾಕಿದ ಮರಿಗಳೂ ಚಕ್ರ ಹೊತ್ತೇ ಹುಟ್ಟಿದ್ದವು, ಹೆಚ್ಚು ದಿನ ಬದುಕಲೂ ಇಲ್ಲ.

ಆಮೇಲೆ ಕೆಂಚತ್ತೆಯ ಹೆಮ್ಮೆಗೂ ಹುಳ ಬಿತ್ತು. ಚಕ್ರದ ಮರಿಗಳು ಕಾಲು ಸೊಟ್ಟಗಾಗಿ, ತುಟಿ ಸೀಳಿಕೊಂಡು ಹುಟ್ಟಿದವು. ಒಂದು ಕುರುಡು ಮರಿ ತಾಯಿಯನ್ನು ಕಳೆದುಕೊಂಡು ಊರೊಳಗೆ ಇಳಿದು ಬಂದು, ಗಡಿಗೆಮನೆಯ ಗೋಡೆಗೆ ಹಣೆ ತಾಗಿಸಿ ಕೆಚ್ಚಲು ಹುಡುಕುತ್ತ ನಿಂತಿತ್ತು. ಕೆಂಚತ್ತೆ ಅದನ್ನು ತೊಡೆಯ ಮೇಲೆ ಹಾಕಿಕೊಂಡು ಮೇಕೆ ಹಾಲಿನಲ್ಲಿ ಬಟ್ಟೆ ಅದ್ದಿ ಚೀಪಿಸಿದರು. ಉಳಿಯಲಿಲ್ಲ. ಅದನ್ನು ಹಿತ್ತಲಲ್ಲಿ ಮಣ್ಣು ಮಾಡಿ ಬಂದವರು, "ದೃಷ್ಟಿ ತಗಲೈತೆ, ಇನ್ನೇನಿಲ್ಲ," ಎಂದು ಎಲ್ಲರಿಗೂ ಹೇಳಿದರು. ಆದರೆ ನಲ್ಲಿ ಹತ್ತಿರ ನನ್ನನ್ನು ಕೆಣಕುವುದನ್ನು ನಿಲ್ಲಿಸಿದರು.

ಆ ವರ್ಷವೇ ಹಿಕ್ಕೆ ಮೇಡಂ ಬಂದದ್ದು. ಹೆಸರು ವೈಜಯಂತಿ, ಕಾಡುಪ್ರಾಣಿಗಳ ಅಧ್ಯಯನಕ್ಕೆ ಬಂದವಳು. ಮೂವತ್ತರ ಹುಡುಗಿ, ತಲೆಗೆ ಟೋಪಿ, ಮೊಣಕಾಲವರೆಗಿನ ಬೂಟು. ಕೊಂಡಕುರಿ ದಿನಾ ಒಂದೇ ಜಾಗಕ್ಕೆ ಬಂದು ಹಿಕ್ಕೆ ಹಾಕುತ್ತದೆ. ಅಂಥ ರಾಶಿಗಳನ್ನು ಹುಡುಕಿ, ಹೊಸ ಹಿಕ್ಕೆಗಳನ್ನು ಚಿಮಟದಲ್ಲಿ ಎತ್ತಿ ಪುಟ್ಟ ಸೀಸೆಗಳಿಗೆ ಹಾಕಿಕೊಳ್ಳುವುದೇ ಅವಳ ಕೆಲಸ. "ಅಷ್ಟರಲ್ಲಿ ಯಾವ ಹೊಲಕ್ಕೆ ಗೊಬ್ಬರ ಸಾಕಾಗ್ತದೆ ಮೇಡಂ? ನಮ್ಮ ಕೊಟ್ಟಿಗೆಗೂ ಬನ್ನಿ, ಬುಟ್ಟಿ ತಂದ್ಬಿಡಿ," ಎಂದು ಹೆಂಗಸರು ಕಿಸಕ್ಕೆನ್ನುವರು. ಅವಳೂ ನಗುವಳು. ಹೊರಗಿನಿಂದ ಬಂದವರಿಗೆ ನಮ್ಮ ಕೊಂಡಕುರಿಗಳ ಮೈ ನೋಡಿದರೆ ಬಾಯಿ ತೆರೆದುಬಿಡುತ್ತದೆ. ಅವಳಿಗೂ ತೆರೆಯಿತು. ಕಲ್ಲಿನ ಮೇಲೆ ಕೂತುಬಿಟ್ಟಳು, ಆಮೇಲೆ ಎದ್ದು ಹಿಕ್ಕೆ ರಾಶಿ ಎಲ್ಲಿದೆ ಎಂದು ಕೇಳಿದಳು. ಅದರಿಂದಲೇ ನನಗೆ ಅವಳು ಇಷ್ಟವಾದದ್ದು.

ಸೀಸೆಗಳು ದೂರದ ಪ್ರಯೋಗಾಲಯಕ್ಕೆ ಹೋದವು. ಮಳೆಗಾಲ ಹತ್ತಿರ ಬಂದಾಗ ಉತ್ತರ ಬಂತು. ಅವಳು ನಮ್ಮ ಜಗಲಿಯ ಮೇಲೆ ಕೂತು ಟೀ ಲೋಟ ಹಿಡಿದಿದ್ದಳು, ಕುಡಿಯುತ್ತಿರಲಿಲ್ಲ.

"ಮಾರಕ್ಕ, ಹಿಕ್ಕೆಗೆ ಕರುಳಿನ ಪದರ ಅಂಟಿರುತ್ತೆ. ಅದರಲ್ಲಿ ಡಿಎನ್‌ಎ ಇರುತ್ತೆ. ಯಾರು ಯಾರ ಮಗ, ಯಾರು ಯಾರ ಮಗಳು ಅಂತ ಅದು ಹೇಳಿಬಿಡುತ್ತೆ. ನಿಮ್ಮ ಗುಡ್ಡದ ಮರಿಗಳಿಗೆಲ್ಲ ಅಪ್ಪ ಒಬ್ಬನೇ. ಕೆಲವಕ್ಕೆ ಅಪ್ಪನೂ ಅವನೇ, ತಾತನೂ ಅವನೇ."

"ಥೂ, ಬಿಡ್ತು ಅನ್ನಮ್ಮ. ನಾವು ಒಂದೇ ಬೆಡಗಲ್ಲಿ ಹೆಣ್ಣು ತರಲ್ಲ. ಅವು ಹಿಂಗೆ ಮಾಡ್ಕಂಡವಾ?"

"ಅವೇನು ಮಾಡ್ತಾವೆ ಅಕ್ಕ? ಸುತ್ತ ರಸ್ತೆ, ಹೊಲ, ಇಟ್ಟಿಗೆ ಭಟ್ಟಿ. ಗುಡ್ಡ ಸಮುದ್ರದ ಮಧ್ಯದ ನಡುಗಡ್ಡೆ ಥರ ಆಗಿದೆ. ಇರೋರಲ್ಲೇ ಕೂಡಿ ಕೂಡಿ ರಕ್ತ ತೆಳುವಾಗ್ತಾ ಹೋಗುತ್ತೆ. ಕುರುಡು, ಸೀಳುತುಟಿ ಎಲ್ಲ ಅದಕ್ಕೇ. ಹೊರಗಿಂದ ಒಂದೇ ಒಂದು ಗಂಡು ಬಂದಿದ್ರೆ..." ಅವಳು ಲೋಟದೊಳಗೆ ನೋಡಿದಳು. "ಬರಲ್ಲ. ಎಲ್ಲಿಂದ ಬರುತ್ತೆ?"

"ಬರ್ತಾನಲ್ಲ," ಎಂದೆ.

"ಯಾರು?"

"ಬರಿಮೈಯವನು. ವರ್ಷಾ ವರ್ಷಾ ಮುಂಗಾರಿಗೆ ಬರ್ತಾನೆ. ನೀಲಿಬೆಟ್ಟದ ಕಡೆಯಿಂದ ಕಲ್ಲುಹಳ್ಳದೊಳಗೇ ನಡ್ಕಂಡು. ಮೈಮೇಲೆ ಒಂದೆಳೆ ಇಲ್ಲ. ನಾವು ತಟ್ಟೆ ಬಡ್ದು ಓಡಿಸ್ತೀವಿ."

ಅವಳು ಲೋಟವನ್ನು ನಿಧಾನವಾಗಿ ಕೆಳಗಿಟ್ಟಳು. ಅವಳ ಮುಖ ನೋಡುತ್ತಾ ನೋಡುತ್ತಾ ನಾನು ಏನು ಹೇಳಿದೆ ಎಂಬುದು ನನಗೇ ತಿಳಿಯಿತು.

ತಟ್ಟೆ ಬಡಿಯುವುದು ನಮಗೆ ಹಬ್ಬ. ಮೊದಲ ಮಳೆ ಬಿದ್ದು ಹಳ್ಳದಂಚು ಹಸಿರಾಗುವ ಹೊತ್ತಿಗೆ ಅವನು ಬರುತ್ತಾನೆ ಎಂದು ಎಲ್ಲರಿಗೂ ಗೊತ್ತು. ಹೆಂಗಸರೆಲ್ಲ ಕಂಚಿನ ತಟ್ಟೆ, ಸೌಟು ಹಿಡಿದು ಹಳ್ಳದ ದಂಡೆಗೆ ಹೋಗುತ್ತೇವೆ. ಮೊದಲ ಪೆಟ್ಟು ಎಳೆ ಓದುವವಳದು, ಎಂದರೆ ನನ್ನದು. ನಾನು ಹೊಡೆದರೆ ಉಳಿದವರು ಶುರು ಮಾಡುತ್ತಾರೆ. ಅವನು ಹೆದರಿ ಕಲ್ಲಿಂದ ಕಲ್ಲಿಗೆ ಹಾರಿ ಓಡುತ್ತಾನೆ. ನಾವು ಮಂಡಕ್ಕಿ ಬೆಲ್ಲ ತಿಂದು, ಹಾಡಿಕೊಂಡು ವಾಪಸು ಬರುತ್ತೇವೆ. ಯಾವ ಮನೆಯ ಗುರುತೂ ಇಲ್ಲದವನ ಮರಿಗೆ ಯಾವ ಮನೆಯ ಗುರುತು ಬಂದೀತು? ಅವನು ಸೇರಿಕೊಂಡರೆ ನಮ್ಮ ಬಾಗಿಲುಗಳೆಲ್ಲ ಬರಿದಾದಾವು ಎಂದು ನನ್ನ ಅತ್ತೆ ಹೇಳಿದ್ದರು. ಹಾಗೆ ಗುಡ್ಡವನ್ನು ಕಾಪಾಡುತ್ತಿದ್ದೇವೆ ಎಂದು ನಂಬಿಯೇ ನಾವು ಅಷ್ಟು ವರ್ಷ ಅಷ್ಟು ಜೋರಾಗಿ ಬಡಿದದ್ದು.

"ಅವನನ್ನ ಬಿಟ್ರೆ ಮರಿ ಉಳೀತಾವಾ?" ಎಂದು ಕೇಳಿದೆ.

"ಖಂಡಿತ ಅಂತ ಹೇಳೋಕಾಗಲ್ಲ. ಬೇರೆ ಕಡೆ, ಬೇರೆ ಪ್ರಾಣಿಗಳಲ್ಲಿ, ಹೊರಗಿನ ಒಂದೇ ಗಂಡು ಬಂದು ಮುಗಿದೇ ಹೋಗ್ತಿದ್ದ ಹಿಂಡು ಎದ್ದು ನಿಂತಿದ್ದುಂಟು. ನಿಲ್ಲದೆ ಇದ್ದದ್ದೂ ಉಂಟು. ಇಲ್ಲಿ ಅವನ ಮರಿ ಹಾಕೋ ಶಕ್ತಿ ಇರೋದು ಒಂದಕ್ಕೇ ಅನ್ಸುತ್ತೆ. ಅದು ಗುಡ್ಡದ ಆ ಹಳೇ ಗಂಡಿನ ಮಗಳಲ್ಲ."

"ಯಾವುದು?" ಎಂದೆ, ಗೊತ್ತಿದ್ದೂ.

"ನಿಮ್ಮ ಬಳ್ಳಿ ಹೊತ್ತಿರೋದು."

ಮುಗಿಯಿತು. ಅದಕ್ಕೆ ಇನ್ನು ಒಂದೇ ಬಸಿರಾಗುವ ವಯಸ್ಸು. ಹಳೆಯ ಗಂಡಿನಿಂದಲೇ ಮರಿಯಾದರೆ, ಕುರುಡೋ ಕುಂಟೋ, ಈ ಸಲವಾದರೂ ತಾಯಿಯ ಬಳ್ಳಿಯನ್ನು ಹೊತ್ತು ಹುಟ್ಟಬಹುದು ಎಂದು ನಾನು ಒಳಗೊಳಗೇ ಕಾಯುತ್ತಿದ್ದೆ. ಕುರುಡು ಮರಿಯ ಪಕ್ಕೆಯ ಮೇಲಾದರೂ ಬಳ್ಳಿ ಬಳ್ಳಿಯೇ. "ಬರಿಮೈಯವನ ಮರಿಗೆ ಎಳೆ ಬರ್ತದಾ ಮೇಡಂ?" ಎಂದು ಕೇಳಿದೆ. ಅವಳು ಸುಳ್ಳು ಹೇಳಬಹುದಿತ್ತು. "ಅದನ್ನ ಯಾವ ಹಿಕ್ಕೆನೂ ಹೇಳಲ್ಲ ಅಕ್ಕ," ಎಂದಳು.

ಮಾತು ನಲ್ಲಿಯ ಸಾಲಿಗೆ ಮುಟ್ಟಲು ಎಷ್ಟು ಹೊತ್ತು? ಮಾರನೆಯ ದಿನ ನಾನು ಕೊಡ ಇಟ್ಟುಕೊಂಡು ನಿಂತದ್ದೇ ತಡ, ಕೆಂಚತ್ತೆ ಸೊಂಟಕ್ಕೆ ಕೈಯಿಟ್ಟರು. "ಏನವ್ವ, ನಮ್ಮ ಗುಡ್ಡಕ್ಕೆ ಅಳಿಯನ್ನ ಹುಡುಕ್ತಾ ಇದ್ದೀಯಂತೆ? ಮನೆ ಇಲ್ಲ, ಗುರುತಿಲ್ಲ, ಕೇಳೋರಿಲ್ಲ. ಹಿಕ್ಕೆ ಮೂಸಿ ಜಾತಕ ಬರ್ಯೋಳು ಹೇಳಿದ್ಲು, ಇವ್ಳು ತಲೆ ಆಡ್ಸಿದ್ಲು."

ಸಾಲು ನಕ್ಕಿತು. ಪಾಲಮ್ಮ ಮಾತ್ರ ನಗಲಿಲ್ಲ. "ನನ್ನ ಬಾಗಿಲು ಹೋಗಿ ಎಷ್ಟೋ ವರ್ಷ ಆತು ಕೆಂಚಕ್ಕ," ಎಂದಳು. "ಬರಿದು ಅಂದ್ರೆ ಏನು ಅಂತ ನಂಗೊತ್ತು. ಮಾರಕ್ಕ, ನೀನು ಯೋಚ್ನೆ ಮಾಡು. ಬೆಳಿಗ್ಗೆ ಎದ್ದು ಬಾಗ್ಲಿಗೆ ಬಂದಾಗ ಕೈ ಎಲ್ಲಿಡಬೇಕು ಅಂತ್ಲೇ ಗೊತ್ತಾಗಲ್ಲ ಕಣೆ." ಕೆಂಚತ್ತೆಯ ಬೈಗುಳಕ್ಕಿಂತ ಆ ಮಾತು ನನ್ನನ್ನು ಹೆಚ್ಚು ಹೆದರಿಸಿತು. ಮನೆಗೆ ಬಂದು ಗಂಡನಿಗೆ ಹೇಳಿದೆ. ಅವರು ಗಿರಣಿಯ ಬೆಲ್ಟಿಗೆ ಮೇಣ ಹಚ್ಚುತ್ತ, "ರಂಗೋಲಿ ಇಲ್ದಿದ್ರೆ ಅನ್ನ ಇಳಿಯಲ್ವಾ?" ಎಂದರು. ಕೆಟ್ಟ ಮನುಷ್ಯರಲ್ಲ. ಅಷ್ಟು ವರ್ಷ ದಿನಾ ಅದನ್ನು ದಾಟಿಕೊಂಡೇ ಹೊರಗೆ ಹೋಗಿದ್ದರು, ಅಷ್ಟೇ.

ಮಳೆ ಬಿತ್ತು. ಹಳ್ಳದಂಚು ಹಸಿರಾಯಿತು. ಒಂದು ಸಂಜೆ, ಬಿಸಿಲು ಇನ್ನೂ ಕಲ್ಲುಗಳ ಮೇಲಿರುವಾಗಲೇ, ಅವನು ಬಂದಿದ್ದಾನೆ ಎಂದು ಕೂಗಿದರು. ನಾನು ತಟ್ಟೆ ಸೌಟು ತೆಗೆದುಕೊಂಡೆ. ಹೊಡೆಯುವುದಿಲ್ಲ ಎಂದು ತೀರ್ಮಾನ ಮಾಡಿಯೇನೂ ಹೋಗಿರಲಿಲ್ಲ. ಮುಂದೆ ನಾನು, ಹಿಂದೆ ಕೇರಿಯ ಹೆಂಗಸರೆಲ್ಲ. ವೈಜಯಂತಿ ದೂರದಲ್ಲಿ ನಿಂತಿದ್ದಳು. ಇದು ತನ್ನ ಮಾತಿನ ಜಾಗವಲ್ಲ ಎಂದು ಅವಳಿಗೆ ಗೊತ್ತಿತ್ತು.

ಅವನು ಹಳ್ಳದ ಆಚೆ ದಂಡೆಯಲ್ಲಿ ಒಂದು ಕಾಲು ಎತ್ತಿ ನಿಂತಿದ್ದ. ನಾಲ್ಕು ಕೊಂಬು, ಹಿಂದಿನೆರಡು ಬೆರಳುದ್ದ, ಮುಂದಿನೆರಡು ಆಗಷ್ಟೇ ಒಡೆದ ಮೊಳಕೆಯಷ್ಟು. ಇಷ್ಟು ವರ್ಷ ನಾನು ಅವನ ಓಡುವ ಬೆನ್ನು ನೋಡಿದ್ದೆನೇ ಹೊರತು ನಿಂತದ್ದನ್ನು ನೋಡಿರಲಿಲ್ಲ. ನಮ್ಮ ಸದ್ದೇ ನೋಡಲು ಬಿಟ್ಟಿರಲಿಲ್ಲ. ಪಕ್ಕೆಯ ಮೇಲೆ ಒಂದು ಗೆರೆಯಿಲ್ಲ. ಸಂಜೆ ಬಿಸಿಲು ಆ ಕಂದು ಕೂದಲಿನ ಮೇಲೆ ಎಲ್ಲಿಯೂ ತಡೆಯದೆ ಹರಿಯುತ್ತಿತ್ತು. ಓದುವವಳ ಕಣ್ಣು ನನ್ನದು, ಓದಲು ಏನೂ ಇಲ್ಲದ ಮೈಯನ್ನು ಅಷ್ಟು ಹೊತ್ತು ಎಂದೂ ನೋಡಿದವಳಲ್ಲ. ಎಷ್ಟು ದೂರದಿಂದ ಬಂದಿದ್ದಾನೆ ಇವನು, ಎನಿಸಿತು. ರಸ್ತೆ ದಾಟಿ, ನಾಯಿಗಳನ್ನು ದಾಟಿ, ಭಟ್ಟಿಯ ಹೊಗೆ ದಾಟಿ, ಓಡಿಸುತ್ತಾರೆಂದು ಗೊತ್ತಿದ್ದೂ, ಪ್ರತಿ ವರ್ಷ.

"ಹೊಡಿಯೇ ಮಾರಕ್ಕ!" ಎಂದರು ಕೆಂಚತ್ತೆ.

"ಕೈ ಏಳ್ತಿಲ್ಲತ್ತೆ."

"ಏಳದೆ ಇದ್ರೆ ಇತ್ಲಾಗೆ ಕೊಡು. ನಾನು ಹೊಡೀತೀನಿ."

ನಾನು ತಟ್ಟೆಯನ್ನು ಅವರ ಮುಂದೆ ಹಿಡಿದೆ. "ತಗಳಿ. ಆ ಕುರುಡು ಮರೀನ ತೊಡೆ ಮೇಲೆ ಹಾಕ್ಕಂಡಿದ್ರಲ್ಲ, ಅದನ್ನ ನೆನೆಸ್ಕಂಡು ಹೊಡೀರಿ."

ಕೆಂಚತ್ತೆಗೆ ಹಾಗೆ ಹೇಳಿದವರು ಇರಲಿಲ್ಲ. ಅವರು ತಟ್ಟೆ ಕಸಿದುಕೊಂಡರು, ಸೌಟು ಕಸಿದುಕೊಂಡರು. ಮೂಗಿನ ಹೊಳ್ಳೆ ಅರಳಿತ್ತು. ಆಚೆ ದಂಡೆಯ ಕಡೆ ನೋಡಿದರು, ಬಹಳ ಹೊತ್ತು ನೋಡಿದರು. ಆಮೇಲೆ ಆ ತಟ್ಟೆಯನ್ನು ಬಂಡೆಯ ಮೇಲೆ ಬೋರಲು ಹಾಕಿ ಅದರ ಮೇಲೆ ಕೂತುಬಿಟ್ಟರು.

"ಏನ್ ನೋಡ್ತೀರಾ? ಮಂಡಿ ನೋಯ್ತೈತೆ, ಬಂಡೆ ಸುಡ್ತೈತೆ," ಎಂದರು. "ನೀವೂ ಕೂತ್ಕಳ್ರೇ. ಸೌಟು ಹಿಡ್ಕಂಡು ನಿಂತವ್ರೆ, ಸಾರು ಬಡಿಸೋಕೆ ಬಂದೋರಂಗೆ."

ನಾವೆಲ್ಲ ಕೂತೆವು. ಆ ಸದ್ದಿಲ್ಲದ ಹೊತ್ತಿನಲ್ಲಿ ಅವನು ಎತ್ತಿದ ಕಾಲನ್ನು ಕೆಳಗಿಟ್ಟ. ನೀರಿಗೆ ಇಳಿದ. ಈಚೆ ಹತ್ತಿ, ನಮ್ಮಿಂದ ಒಂದು ಗಾಡಿಯಷ್ಟು ದೂರದಲ್ಲಿ ಹಾದು, ಗುಡ್ಡದ ಹುಲ್ಲಿನೊಳಗೆ ಹೋದ. ಅವನ ಮೈಯಿಂದ ನೀರು ತೊಟ್ಟಿಕ್ಕುವುದು ಕೇಳಿಸಿತು.

ಆಮೇಲಿನ ತಿಂಗಳುಗಳಲ್ಲಿ ನಾನು ಪ್ರತಿ ಬೆಳಿಗ್ಗೆಯೂ ಬಳ್ಳಿಯನ್ನು ಕೊನೆಯ ಸಲ ಎನ್ನುವಂತೆ ಬರೆದೆ. ಮುದಿ ಹೆಣ್ಣು ಯಾವತ್ತು ಬೇಕಾದರೂ ಸಾಯಬಹುದಿತ್ತು. ಒಂದೊಂದು ದಿನ ತಿರುವಿನ ಹತ್ತಿರ ಕೈ ತಡೆದು ನಿಲ್ಲುತ್ತಿತ್ತು. ಇವತ್ತೇ ಇರಬೇಕು ಎಂದುಕೊಳ್ಳುತ್ತಿದ್ದೆ. ಆಮೇಲೆ ಎಳೆ ಮುಂದೆ ಹೋಗುತ್ತಿತ್ತು. ಕೆಲವು ಹೆಂಗಸರು ನನ್ನೊಂದಿಗೆ ಮಾತು ಬಿಟ್ಟರು. ಗಾಣದಮನೆಯವಳು ನನ್ನ ಬಾಗಿಲ ಮುಂದೆ ಹಾಯುವಾಗ, ಗಾಳಿಗೆ ಹೇಳುವಂತೆ, "ಕೊಳೆ ತಂದದ್ದು ನೀನು, ತೊಳೆಯೋದು ನಾವು," ಎಂದು ಹೋಗುತ್ತಿದ್ದಳು. ವೈಜಯಂತಿ ಮರಗಳಿಗೆ ಕ್ಯಾಮೆರಾ ಕಟ್ಟಿದಳು. ಒಂದು ದಿನ ಓಡಿಬಂದು, ಅವನೂ ಬಳ್ಳಿಯ ಮುದಿ ಹೆಣ್ಣೂ ಒಂದೇ ಚಿತ್ರದಲ್ಲಿ ಬಿದ್ದಿರುವುದನ್ನು ತೋರಿಸಿದಳು. ಮದುವೆ ಫೋಟೋ ನೋಡಿದಂತೆ ನೋಡಿದೆ. ಖುಷಿಯಾಯಿತು, ಭಯವೂ ಆಯಿತು.

ಚಳಿ ಕಳೆಯುವ ಹೊತ್ತಿಗೆ, ಬಿಸಿಲು ಏರಿದ ಮೇಲೆ, ಮರಿಯಾಯಿತೆಂದು ಸುದ್ದಿ ಬಂತು. ಎಳೆ ಓದಲು ಹೋಗುವಾಗ ನನ್ನ ಜೊತೆ ಇಬ್ಬರು ಮೂವರು ಬರುವುದು ವಾಡಿಕೆ. ಅವತ್ತು ಕೇರಿಯೇ ಹೊರಟಿತು, ಮಾತು ಬಿಟ್ಟವರೂ ಸೇರಿ. ಕೆಂಚತ್ತೆ ಮಂಡಿ ಹಿಡಿದುಕೊಂಡು, ಪಾಲಮ್ಮನ ಹೆಗಲ ಮೇಲೆ ಭಾರ ಹಾಕಿ, ದಾರಿಯುದ್ದಕ್ಕೂ ಬೈಯುತ್ತ ಹತ್ತಿದರು.

ಮುದಿ ಹೆಣ್ಣು ಸ್ವಲ್ಪ ದೂರದಲ್ಲಿ ನಿಂತು ನಮ್ಮನ್ನೇ ನೋಡುತ್ತಿತ್ತು. ಅದರ ಪಕ್ಕೆಯ ಬಳ್ಳಿ ಮಾಸಿತ್ತು. ನಾನು ಹುಲ್ಲು ಸರಿಸಿದೆ. ಮರಿ ನಾಲ್ಕೂ ಕಾಲು ಮಡಚಿಕೊಂಡು ಮಲಗಿತ್ತು. ಕಣ್ಣು ತೆರೆದೇ ಇತ್ತು. ನಾನು ಬೆರಳು ಆಡಿಸಿದೆ, ಕಣ್ಣು ಬೆರಳಿನ ಹಿಂದೆ ಬಂತು. ಆಮೇಲೆ ಪಕ್ಕೆ ನೋಡಿದೆ.

ಬಳ್ಳಿ ಇರಲಿಲ್ಲ. ಚಕ್ರ ಇರಲಿಲ್ಲ. ಬರಿದೂ ಆಗಿರಲಿಲ್ಲ. ಬೆನ್ನಿನಿಂದ ಹೊಟ್ಟೆಯವರೆಗೆ ಚುಕ್ಕಿಗಳಿದ್ದವು. ಬೆಳ್ಳಗೆ, ಸಾಲಾಗಿ, ಒಂದಕ್ಕೊಂದು ಸಮನಾದ ಅಂತರದಲ್ಲಿ, ಆಗಷ್ಟೇ ಯಾರೋ ಬೆರಳ ತುದಿಯಿಂದ ಇಟ್ಟುಹೋದ ಹಾಗೆ. ಒಂದು ಚುಕ್ಕಿಯನ್ನು ಇನ್ನೊಂದಕ್ಕೆ ಸೇರಿಸುವ ಎಳೆ ಮಾತ್ರ ಎಲ್ಲಿಯೂ ಇರಲಿಲ್ಲ.

"ಯಾರ ಮನೇದೇ?" ಕೆಂಚತ್ತೆ ಪಿಸುಗುಟ್ಟಿದರು.

"ಗೊತ್ತಾಗ್ತಿಲ್ಲತ್ತೆ," ಎಂದೆ. ಬಾವಿಮನೆಯ ಸೊಸೆಯರ ಬಾಯಿಂದ ಆ ಮಾತು ಹಿಂದೆ ಬಂದಿತ್ತೋ ಇಲ್ಲವೋ, ನಾನರಿಯೆ. "ಚುಕ್ಕಿ ಇಟ್ಟವ್ರೆ. ಎಳೆ ಎಳೆದಿಲ್ಲ."

"ಯಾರು ಎಳೀಬೇಕಂತೆ ಮತ್ತೆ?"

ಮರಿ ಎದ್ದು ನಿಂತಿತು. ಒಮ್ಮೆ ಮುಗ್ಗರಿಸಿತು, ಮೈ ಕೊಡವಿತು, ಓಡಿತು. ನಮ್ಮ ಗುಡ್ಡದಲ್ಲಿ ಮರಿ ಓಡಿದ್ದನ್ನು ನೋಡಿ ಎಷ್ಟು ಕಾಲವಾಗಿತ್ತೋ! ತೆವಳುವ, ಎಡವುವ ಮರಿಗಳಿಗೆ ನಮ್ಮ ಕಣ್ಣು ಒಗ್ಗಿಹೋಗಿತ್ತು. ಇದು ಬಂಡೆಯಿಂದ ಬಂಡೆಗೆ ನೆಗೆಯಿತು, ತಾಯಿಯ ಸುತ್ತ ತಿರುಗಿತು, ನಮ್ಮ ಮಧ್ಯದಿಂದಲೇ ನುಗ್ಗಿ, ಕೆಂಚತ್ತೆಯ ಸೀರೆಯ ನೆರಿಗೆ ಹಾರಿಸಿಕೊಂಡು ಹೋಯಿತು. ಬಿಸಿಲಲ್ಲಿ ಚುಕ್ಕಿಗಳು ಹತ್ತಿರವಾಗುತ್ತಿದ್ದವು, ದೂರವಾಗುತ್ತಿದ್ದವು, ಒಂದು ಕ್ಷಣ ಯಾವುದೋ ಆಕಾರ ಕಟ್ಟುತ್ತಿದ್ದವು, ಮರುಕ್ಷಣ ಬಿಡಿಬಿಡಿಯಾಗುತ್ತಿದ್ದವು. ವೈಜಯಂತಿ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡು ಅಳುತ್ತಿದ್ದಳು.

ನಾನು ಪಕ್ಕಕ್ಕೆ ತಿರುಗಿದೆ. ಪಾಲಮ್ಮ ಮರಿಯನ್ನೇ ನೋಡುತ್ತ ನಿಂತಿದ್ದಳು. ಅವಳ ಬಲಗೈ ಸೊಂಟದ ಎತ್ತರದಲ್ಲಿ, ಅವಳಿಗೇ ಗೊತ್ತಿಲ್ಲದೆ, ಗಾಳಿಯಲ್ಲಿ ಚಲಿಸುತ್ತಿತ್ತು. ಹೆಬ್ಬೆರಳು ತೋರುಬೆರಳಿಗೆ ಉಜ್ಜಿಕೊಳ್ಳುತ್ತ ಇಲ್ಲದ ಪುಡಿಯನ್ನು ಬಿಡುತ್ತಿತ್ತು. ಅವಳ ಆಚೆ ಗಾಣದಮನೆಯವಳ ಕೈ ಬೇರೆಯದೇ ದಾರಿಯಲ್ಲಿ ಸುತ್ತುತ್ತಿತ್ತು. ಕೆಂಚತ್ತೆಯ ಉದ್ದ ಕೈ ದೊಡ್ಡದಾಗಿ ಬೀಸಿ ಎಲ್ಲೋ ಹೋಗಿ ಸಣ್ಣಗೆ ತಿರುಗಿತು, ಅದು ಚಕ್ರವಾಗಿರಲಿಲ್ಲ. ಬಂಡೆಯ ಮೇಲೆ ನಿಂತಿದ್ದ ಅಷ್ಟೂ ಹೆಂಗಸರ ಕೈಗಳು ಆ ಓಡುವ ಚುಕ್ಕಿಗಳ ಹಿಂದೆ ಒಂದೊಂದು ರೀತಿಯಲ್ಲಿ ಹೋಗುತ್ತಿದ್ದವು, ಯಾರೂ ಇನ್ನೊಬ್ಬರ ಕಡೆ ನೋಡುತ್ತಿರಲಿಲ್ಲ.

ನನ್ನ ಬೆರಳುಗಳೂ ಬೆಚ್ಚಗಾಗಿದ್ದವು. ಅವು ಹೊರಟ ದಾರಿಯಲ್ಲಿ ಬಳ್ಳಿ ಇರಲಿಲ್ಲ. ನಾನು ತಡೆಯಲಿಲ್ಲ. ಎಲ್ಲಿಗೆ ಹೋಗುತ್ತವೆ ನೋಡೋಣವೆಂದು ಹೋಗಗೊಟ್ಟೆ.